ಗ್ರಾಹಕದ ನೆರೆಹೊರೆ

ರಕ್ತದಲ್ಲಿ ಇನ್ಸುಲಿನ್ ಇದೆ. ಸಕ್ಕರೆ ಬೇಕಾದದ್ದಕ್ಕಿಂತ ಹೆಚ್ಚೇ ಇದೆ. ಸ್ನಾಯುವಿನ ಕೋಶಗಳ ಮೈಮೇಲೆ ಇನ್ಸುಲಿನ್ನನ್ನು ಹಿಡಿದುಕೊಳ್ಳುವ ಗ್ರಾಹಕಗಳೂ ಇವೆ. ಆದರೂ ಸಕ್ಕರೆ ಒಳಗೆ ಹೋಗದೆ ರಕ್ತದಲ್ಲೇ ಸುತ್ತುತ್ತಿರುತ್ತದೆ. ಮನೆಮನೆಗೂ ಬಂದು ಕೂತಿರುವ ಎರಡನೇ ಬಗೆಯ ಮಧುಮೇಹದ ಒಗಟು ಇದು. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10.1 ಕೋಟಿ. ಇವರಲ್ಲಿ ಬಹುಪಾಲು ಜನರ ದೇಹದಲ್ಲಿ ಹಾರ್ಮೋನು ಪೂರ್ತಿ ಬತ್ತಿಹೋಗಿರುವುದಿಲ್ಲ. ಇದ್ದ ಹಾರ್ಮೋನಿನ ಮಾತು ನಡೆಯುತ್ತಿರುವುದಿಲ್ಲ.

ಕೇಶ್ವಾಪುರ ದಾಟಿದರೆ ನಮ್ಮ ಗೋಪನಕೊಪ್ಪ. ಹಿಂದೆ ಹಳ್ಳಿ, ಈಗ ಹುಬ್ಬಳ್ಳಿಯ ಒಂದು ಭಾಗ. ಸಂಜೆ ಕಟ್ಟೆಯ ಮೇಲೆ ನಾಲ್ಕು ಜನ ಕೂತರೆ ಮಳೆ, ಬೆಳೆ, ರಾಜಕೀಯ ಎಲ್ಲ ಮುಗಿದ ಮೇಲೆ ಶುಗರಿನ ಮಾತು ಬಂದೇ ಬರುತ್ತದೆ. ಪಕ್ಕದ ಓಣಿಯ ಕಾಕಾ ಒಬ್ಬರು ನಾನು ವಿಜ್ಞಾನ ಕಲಿಸಿದವನೆಂದು ಆಗಾಗ ಕೇಳುತ್ತಾರೆ: “ಸರ್ರ, ಗುಳಿಗಿ ತಪ್ಪಸಂಗಿಲ್ಲ, ಸೂಜಿನೂ ಚುಚ್ಚಗೋತೇನಿ. ಆದ್ರ ಮೈಗೆ ಹತ್ತವಲ್ದು ನೋಡ್ರಿ. ಔಷಧ ಎಲ್ಲಿ ಹೊಕ್ಕೈತಿ?” ನಾನು ಹೇಳಿದೆ: “ಕಾಕಾ, ಔಷಧ ಬರೋಬ್ಬರಿ ಜಾಗಾಕ್ಕನ ಹೊಕ್ಕೈತ್ರಿ. ಅಲ್ಲಿ ಅದನ್ನ ಕೇಳಿಸಿಕೊಳ್ಳೂದು ಕಡಿಮಿ ಆಗೇತಿ.” ಅವರು ಸುಮ್ಮನೆ ಬಿಡುವವರಲ್ಲ. “ಯಾಕ ಕಡಿಮಿ ಆತು?” ಎಂದರು.

ಆ “ಯಾಕ” ನನ್ನನ್ನು ಬಿಟ್ಟಿಲ್ಲ. ಉತ್ತರಕ್ಕೆ ಹಲವು ಎಳೆಗಳಿವೆ: ಹೊಟ್ಟೆಯ ಸುತ್ತ ಬೆಳೆದ ಕೊಬ್ಬು, ನಡಿಗೆ ನಿಂತುಹೋದ ಬದುಕು, ವಂಶ, ನಿದ್ದೆ. ಇವೆಲ್ಲ ನಾವು ಕೇಳಿ ಬಲ್ಲ ಮಾತುಗಳು. ಇವಕ್ಕಿಂತ ಕಡಿಮೆ ಕೇಳಿಬರುವ ಎಳೆಯೊಂದಿದೆ, ಅದು ಗ್ರಾಹಕ ನಿಂತಿರುವ ನೆಲ. ಗ್ರಾಹಕ ಗಾಳಿಯಲ್ಲಿ ನಿಂತಿಲ್ಲ. ಕೊಬ್ಬಿನ ಪೊರೆಯಲ್ಲಿ ಹೂತುಕೊಂಡಿದೆ. ಆ ಪೊರೆ ಎಂಥದ್ದು ಎನ್ನುವುದರ ಮೇಲೆ ಗ್ರಾಹಕ ಎಷ್ಟು ಕೇಳಿಸಿಕೊಳ್ಳುತ್ತದೆ ಎನ್ನುವುದೂ ನಿಂತಿದೆ. ನಾನು ಹೇಳಬೇಕೆಂದಿರುವುದು ಇದೊಂದನ್ನೇ. ಇದು ಜೀವರಸಾಯನಶಾಸ್ತ್ರದ ಸಣ್ಣ ವಿವರವಾಗಿ ನನಗೆ ಕಾಣುವುದಿಲ್ಲ. ಒಂದು ವಸ್ತುವಿನ ಸ್ವಭಾವ ಎಲ್ಲಿದೆ, ಅದರೊಳಗೋ ಅದರ ನೆರೆಹೊರೆಯಲ್ಲೋ ಎಂಬ ಹಳೆಯ ಪ್ರಶ್ನೆ ಇಲ್ಲಿ ಹೊಸದಾಗಿ ಎದ್ದು ನಿಂತಿದೆ.

ಕೋಶದ ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಎರಡು ಲಕ್ಷದಲ್ಲಿ ಒಂದು ಪಾಲು. ಅದರಲ್ಲಿ ಕೊಬ್ಬಿನ ಅಣುಗಳು ಎರಡು ಸಾಲಾಗಿ, ನೀರೊಲ್ಲದ ಬಾಲಗಳನ್ನು ಒಳಗೆ ಮಾಡಿಕೊಂಡು, ನೀರೊಲಿದ ತಲೆಗಳನ್ನು ಹೊರಗೆ ಚಾಚಿಕೊಂಡು ನಿಂತಿವೆ. ಎರಡು ಸಾಲೆಂದು ಮೊದಲು ಕಂಡುಕೊಂಡವರು ನೆದರ್ಲೆಂಡಿನ ಲೈಡನ್ನಿನಲ್ಲಿದ್ದ ಗಾರ್ಟರ್ ಮತ್ತು ಗ್ರೆಂಡೆಲ್, 1925ರಲ್ಲಿ. ಕೆಂಪು ರಕ್ತಕಣಗಳ ಕೊಬ್ಬನ್ನೆಲ್ಲ ಅಸಿಟೋನಿನಲ್ಲಿ ಕರಗಿಸಿ ತೆಗೆದು, ನೀರಿನ ಮೇಲೆ ಒಂದೇ ಪದರವಾಗಿ ಹರಡಿ ಅಳೆದರು. ಕಣಗಳ ಮೈಯ ವಿಸ್ತಾರದ ಎರಡರಷ್ಟು ಬಂತು. ಆಮೇಲೆ ನೋಡಿದರೆ ಅವರ ಲೆಕ್ಕದಲ್ಲಿ ಎರಡು ತಪ್ಪುಗಳಿದ್ದವು. ಅಸಿಟೋನು ಕೊಬ್ಬನ್ನು ಪೂರ್ತಿ ತೆಗೆದಿರಲಿಲ್ಲ, ಕಣಗಳ ಮೈಯನ್ನೂ ಅವರು ಕಡಿಮೆ ಅಳೆದಿದ್ದರು. ಎರಡೂ ಕೊರತೆಗಳು ಒಂದಕ್ಕೊಂದು ಸರಿಹೋಗಿ ಉತ್ತರ ಸತ್ಯವೇ ಆಯಿತು. ವಿಜ್ಞಾನದ ಚರಿತ್ರೆಯಲ್ಲಿ ಇಂಥ ಪುಣ್ಯ ಅಪರೂಪ.

ಬಳಿಕ 1972ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಬರೆದ ಚಿತ್ರ ಬಂತು. ಕೊಬ್ಬಿನ ತೆಳು ಕಡಲಿನಲ್ಲಿ ಪ್ರೋಟೀನುಗಳು ತೇಲುತ್ತಿರುವ ಆ ಚಿತ್ರವನ್ನೇ ನಾವು ಓದಿದೆವು, ಕಲಿಸಿದೆವು. ಚಿತ್ರ ತಪ್ಪಲ್ಲ. ಆದರೆ ಅದರಲ್ಲಿ ಪ್ರೋಟೀನುಗಳಿಗೆ ಒಂದೊಂದು ಆಕಾರ, ಒಂದೊಂದು ಬಣ್ಣ. ಕೊಬ್ಬಿಗೆ ಮಾತ್ರ ಎಲ್ಲ ಕಡೆಯೂ ಅದೇ ಗುಂಡು, ಅದೇ ಎರಡು ಬಾಲ. ಕೊಬ್ಬು ಹಿನ್ನೆಲೆಯಾಯಿತು, ಹಿನ್ನೆಲೆಯನ್ನು ಯಾರೂ ವಿಚಾರಿಸಲಿಲ್ಲ.

ಕೊಬ್ಬು ಎಲ್ಲ ಒಂದೇ ಅಲ್ಲವೆಂಬುದನ್ನು ತಿಳಿಯಲು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ಜನವರಿಯ ಮುಂಜಾನೆ ಗೋಪನಕೊಪ್ಪದ ಯಾವುದೇ ಅಡುಗೆಮನೆಯಲ್ಲಿ ನೋಡಬಹುದು. ತುಪ್ಪದ ಡಬ್ಬಿಯಲ್ಲಿ ಚಮಚ ಇಳಿಯುವುದಿಲ್ಲ. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ, ಬಾಟಲಿಯನ್ನು ಬಿಸಿಲಿಗಿಡಬೇಕು. ಅದರ ಪಕ್ಕದಲ್ಲೇ ಇರುವ ಕುಸುಬಿ ಎಣ್ಣೆ ಮಾತ್ರ ನಿನ್ನೆ ಹೇಗಿತ್ತೋ ಹಾಗೇ, ಬಗ್ಗಿಸಿದರೆ ಸರಾಗ ಸುರಿಯುತ್ತದೆ. ಮೂರಕ್ಕೂ ಅದೇ ಮನೆ, ಅದೇ ಚಳಿ. ವ್ಯತ್ಯಾಸ ಇರುವುದು ಅಣುವಿನ ಬಾಲದಲ್ಲಿ. ಸ್ಟಿಯರಿಕ್ ಆಮ್ಲ 18 ಇಂಗಾಲಗಳ ನೇರ ಬಾಲ. ಕುಸುಬಿಯಲ್ಲಿ ತುಂಬಿರುವ ಲಿನೋಲೆಯಿಕ್ ಆಮ್ಲವೂ 18 ಇಂಗಾಲಗಳದ್ದೇ, ಆದರೆ ಅದರಲ್ಲಿ ಎರಡು ದ್ವಿಬಂಧಗಳಿವೆ, ಆ ಎರಡು ಕಡೆ ಬಾಲ ಬಾಗುತ್ತದೆ. ನೇರವಾದವು ಒತ್ತೊತ್ತಾಗಿ ಜೋಡಿಸಿಕೊಂಡು ಗಟ್ಟಿಯಾಗುತ್ತವೆ. ಬಾಗಿದವು ಒಂದರ ಪಕ್ಕ ಒಂದು ಸರಿಯಾಗಿ ಕೂರಲಾರದೆ ಸಡಿಲವಾಗಿಯೇ ಉಳಿಯುತ್ತವೆ. ಸ್ಟಿಯರಿಕ್ ಆಮ್ಲ ಕರಗಲು 69 ಡಿಗ್ರಿ ಬೇಕು. ಲಿನೋಲೆಯಿಕ್ ಆಮ್ಲ ಸೊನ್ನೆಗಿಂತ 5 ಡಿಗ್ರಿ ಕೆಳಗೇ ಕರಗಿರುತ್ತದೆ. ಎರಡು ಬಾಗುಗಳು ಮಾಡುವ ಕೆಲಸ ಇಷ್ಟು.

ನಮ್ಮ ಕೋಶಗಳ ಪೊರೆಯಲ್ಲೂ ಇದೇ ಬಾಲಗಳು, ಇದೇ ಬಾಗುಗಳು. ಜೊತೆಗೆ ಕೊಲೆಸ್ಟ್ರಾಲ್. ಹೊರಪೊರೆಯ ಕೊಬ್ಬಿನ ಅಣುಗಳಲ್ಲಿ ಸುಮಾರು ಮೂರರಲ್ಲೊಂದು ಕೊಲೆಸ್ಟ್ರಾಲ್ ಆಗಿರುತ್ತದೆ. ಅದು ಬಾಲಗಳ ನಡುವೆ ನುಸುಳಿ ತೀರಾ ಸಡಿಲವಾದದ್ದನ್ನು ಬಿಗಿ ಮಾಡುತ್ತದೆ, ತೀರಾ ಬಿಗಿಯಾಗುವುದನ್ನು ತಡೆಯುತ್ತದೆ. ಈ ಹದವನ್ನು ಜೀವ ಎಷ್ಟು ಜತನ ಮಾಡುತ್ತದೆಂದರೆ, ಬ್ಯಾಕ್ಟೀರಿಯದಂಥ ಬ್ಯಾಕ್ಟೀರಿಯವೂ ಚಳಿಯಲ್ಲಿ ಬೆಳೆದಾಗ ಬಾಗಿದ ಬಾಲಗಳನ್ನು ಹೆಚ್ಚಿಸಿಕೊಂಡು, ಬಿಸಿಯಲ್ಲಿ ಬೆಳೆದಾಗ ಕಡಿಮೆ ಮಾಡಿಕೊಂಡು ಪೊರೆಯ ಹದವನ್ನು ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳುತ್ತದೆ. ಸಿನೆನ್‌ಸ್ಕಿ ಎಂಬ ವಿಜ್ಞಾನಿ 1974ರಲ್ಲಿ ಇದನ್ನು ತೋರಿಸಿಕೊಟ್ಟರು. ಬರೀ ಹಿನ್ನೆಲೆಯಾಗಿದ್ದರೆ ಒಂದು ಬಡ ಬ್ಯಾಕ್ಟೀರಿಯ ಅದಕ್ಕಾಗಿ ಇಷ್ಟು ಶ್ರಮಪಡುತ್ತಿರಲಿಲ್ಲ.

ಪೊರೆಯೊಳಗಿನ ಚಲನೆಯನ್ನು ಹೇಳಲು ನನಗೆ ದೀಪಾವಳಿಯ ಹಿಂದಿನ ಸಂಜೆಯ ನಮ್ಮ ಹುಬ್ಬಳ್ಳಿಯ ದುರ್ಗದಬೈಲು ಪೇಟೆ ಬಿಟ್ಟರೆ ಬೇರೆ ಹೋಲಿಕೆ ತೋಚುತ್ತಿಲ್ಲ. ಅಲ್ಲಿ ನಿಂತಲ್ಲೇ ನಿಂತವರು ಯಾರೂ ಇರುವುದಿಲ್ಲ, ಹಾಗೆಂದು ಯಾರಿಗೂ ಖಾಲಿ ಜಾಗ ಸಿಗುವುದಿಲ್ಲ. ಕೈ ಎತ್ತಬೇಕಾದರೂ ಪಕ್ಕದವರು ಸರಿಯಬೇಕು. ಪೊರೆಯಲ್ಲಿ ಒಂದು ಕೊಬ್ಬಿನ ಅಣು ಪಕ್ಕದ ಅಣುವಿನೊಂದಿಗೆ ಸೆಕೆಂಡಿಗೆ ಸುಮಾರು 1 ಕೋಟಿ ಬಾರಿ ಜಾಗ ಬದಲಿಸುತ್ತದೆ. ಇಂಥ ಸಂದಣಿಯ ನಡುವೆ ಗ್ರಾಹಕ ನಿಂತಿದೆ. ಹೊರಗೆ ಹಾರ್ಮೋನು ಬಂದು ಕೂತಾಗ ಅದು ಒಳಗಿನವರೆಗೂ ಮೈಮುರಿದು ಆಕಾರ ಬದಲಿಸಬೇಕು, ಆಗಲೇ ಸುದ್ದಿ ಒಳಗೆ ಮುಟ್ಟುವುದು. ಅಕ್ಕಪಕ್ಕದ ಕೊಬ್ಬು ಬಿಗಿಯಾಗಿದ್ದರೆ ಒಂದು ಬಗೆ, ಸಡಿಲವಾಗಿದ್ದರೆ ಇನ್ನೊಂದು ಬಗೆ. ಕೆಲವು ಕೊಬ್ಬುಗಳು ಗ್ರಾಹಕದ ಮೈಯ ತಗ್ಗುಗಳಲ್ಲೇ ಬಂದು ಕೂರುತ್ತವೆ. ಅಡ್ರಿನಾಲಿನ್ನಿನ ಒಂದು ಗ್ರಾಹಕದ ಸ್ಫಟಿಕ ರಚನೆ 2007ರಲ್ಲಿ ಬ್ರಯಾನ್ ಕೊಬಿಲ್ಕಾ ಮತ್ತು ಸಂಗಡಿಗರಿಂದ ಹೊರಬಂದಾಗ ಅದಕ್ಕೆ ಅಂಟಿಕೊಂಡ ಕೊಲೆಸ್ಟ್ರಾಲ್ ಅಣುಗಳೂ ಕಂಡವು. ಈ ಬಗೆಯ ಗ್ರಾಹಕಗಳ ಅಧ್ಯಯನಕ್ಕೆ ಕೊಬಿಲ್ಕಾ ಮತ್ತು ಲೆಫ್ಕೋವಿಟ್ಜ್ ಅವರಿಗೆ 2012ರ ನೊಬೆಲ್ ಬಂತು.

ಈ ಕಥೆಯಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಆಕ್ಸಿಟೋಸಿನ್ ಹಾರ್ಮೋನಿನ ಮೇಲೆ. ಹೆರಿಗೆಯ ಹೊತ್ತಿಗೆ ಗರ್ಭಕೋಶವನ್ನು ಸಂಕುಚಿಸುವುದು, ಕೂಸು ಮೊಲೆಗೆ ಬಾಯಿಟ್ಟಾಗ ಹಾಲಿಳಿಸುವುದು ಇದೇ. ಹೆರಿಗೆ ನೋವು ಬರಲಿ ಎಂದು ಆಸ್ಪತ್ರೆಯಲ್ಲಿ ಸಲೈನಿನ ಜೊತೆ ಹಾಕುವುದೂ ಇದನ್ನೇ. ಬರೀ 9 ಅಮೈನೋ ಆಮ್ಲಗಳ ಪುಟ್ಟ ಅಣು. 1995ರಲ್ಲಿ ಜರ್ಮನಿಯ ಗಿಂಪ್ಲ್, ಫಾರೆನ್‌ಹೋಲ್ಜ್ ಮತ್ತು ಸಂಗಡಿಗರು ಮನುಷ್ಯರ ಆಕ್ಸಿಟೋಸಿನ್ ಗ್ರಾಹಕದ ಜೀನನ್ನು ಕೀಟದ ಕೋಶಗಳೊಳಗೆ ಸೇರಿಸಿದರು. ಇಂಥ ಪ್ರಯೋಗಗಳಲ್ಲಿ ಬಹಳವಾಗಿ ಬಳಕೆಯಾಗುವ ಕೀಟಕೋಶಗಳು ಸ್ಪೋಡಾಪ್ಟೆರಾ ಫ್ರುಜಿಪರ್ಡಾ ಎಂಬ ಹುಳುವಿನವು. 2018ರಲ್ಲಿ ಭಾರತಕ್ಕೆ ಬಂದು, ಮೊದಲು ಕರ್ನಾಟಕದಲ್ಲೇ ಕಾಣಿಸಿಕೊಂಡು, ನಮ್ಮ ಗೋವಿನಜೋಳದ ಹೊಲಗಳನ್ನು ತಿಂದ ಸೈನಿಕ ಹುಳು ಅದೇ. ಕೀಟಗಳು ತಾವಾಗಿ ಕೊಲೆಸ್ಟ್ರಾಲ್ ತಯಾರಿಸಲಾರವು. ಅವುಗಳ ಪೊರೆಯಲ್ಲಿ ಅದು ಬಹಳ ಕಡಿಮೆ.

ಕೀಟದ ಪೊರೆಯಲ್ಲಿ ಮನುಷ್ಯರ ಗ್ರಾಹಕ ಬಂದು ನಿಂತಿತು. ಒಂದು ಅಮೈನೋ ಆಮ್ಲವೂ ವ್ಯತ್ಯಾಸವಿಲ್ಲ. ಆದರೆ ಅದು ಆಕ್ಸಿಟೋಸಿನ್ನನ್ನು ಹಿಡಿಯುವ ಬಿಗಿ ತೀರಾ ಸಡಿಲವಾಗಿತ್ತು. ಆಮೇಲೆ ಆ ಪೊರೆಗೆ ಕೊಲೆಸ್ಟ್ರಾಲ್ ಸೇರಿಸಿದರು. ಹಿಡಿತ ನೂರು ಪಟ್ಟಿಗೂ ಮಿಕ್ಕಿ ಬಿಗಿಯಾಯಿತು. ತದ್ವಿರುದ್ಧವಾಗಿ ಗರ್ಭಕೋಶದ ಪೊರೆಯಿಂದ ಕೊಲೆಸ್ಟ್ರಾಲ್ ತೆಗೆದಾಗ ಹಿಡಿತ ಸಡಿಲಿತು, ಮರಳಿ ಕೊಟ್ಟಾಗ ಮರಳಿ ಬಂತು. ನಮ್ಮ ನೆರೆಯ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲಿ ಅಮಿತಾಭ ಚಟ್ಟೋಪಾಧ್ಯಾಯ ಅವರ ತಂಡ ಸೆರೊಟೋನಿನ್ನಿನ ಒಂದು ಗ್ರಾಹಕದ ಮೇಲೆ ದೀರ್ಘಕಾಲ ಕೆಲಸ ಮಾಡಿ ಅಲ್ಲೂ ಕೊಲೆಸ್ಟ್ರಾಲ್ ಬೇಕೇ ಬೇಕೆಂದು ತೋರಿಸಿತು. ರಕ್ತಪರೀಕ್ಷೆಯ ಚೀಟಿಯಲ್ಲಿ ಆ ಹೆಸರು ಕಂಡರೆ ಹೆದರುವ ನಾವು, ಅದಿಲ್ಲದಿದ್ದರೆ ತಾಯಿಯ ಗರ್ಭಕೋಶಕ್ಕೆ ಹೆರಿಗೆಯ ಕರೆಯೇ ಸರಿಯಾಗಿ ಮುಟ್ಟುತ್ತಿರಲಿಲ್ಲ ಎನ್ನುವುದನ್ನೂ ತಿಳಿದಿರಬೇಕು.

ಹಾಗಾದರೆ ಆ ಗ್ರಾಹಕದ ನಿಜವಾದ ಸ್ವಭಾವ ಯಾವುದು? ಕೀಟದ ಪೊರೆಯಲ್ಲಿ ತೋರಿದ ಮಂದತನವೋ, ತಾಯಿಯ ಪೊರೆಯಲ್ಲಿ ತೋರಿದ ಚುರುಕೋ?

ಹಳೇ ಹುಬ್ಬಳ್ಳಿಯ ಸಿದ್ಧಾರೂಢ ಮಠದ ನೆರಳಿನಲ್ಲಿ ಬೆಳೆದ ಊರಿಗೆ ಈ ಪ್ರಶ್ನೆ ಹೊಸದಲ್ಲ. ಸಿದ್ಧಾರೂಢರು 1929ರಲ್ಲಿ ದೇಹ ಬಿಟ್ಟರು. ಅವರು ಬೋಧಿಸಿದ ಅದ್ವೈತದ ಮಾತು ಇಂದಿಗೂ ಇಲ್ಲಿಯ ಸಾಮಾನ್ಯ ಜನರ ಬಾಯಲ್ಲಿದೆ. ವೇದಾಂತದ ಪ್ರವಚನಗಳಲ್ಲಿ ಸ್ಫಟಿಕ ಮತ್ತು ದಾಸವಾಳದ ದೃಷ್ಟಾಂತ ಬರುತ್ತದೆ. ಬಣ್ಣವಿಲ್ಲದ ಸ್ಫಟಿಕದ ಪಕ್ಕ ಕೆಂಪು ದಾಸವಾಳ ಇಟ್ಟರೆ ಸ್ಫಟಿಕ ಕೆಂಪಾಗಿ ಕಾಣುತ್ತದೆ. ಕೆಂಪು ಸ್ಫಟಿಕದ್ದಲ್ಲ, ಪಕ್ಕದ ಹೂವಿನದು, ವೇದಾಂತದ ಮಾತಿನಲ್ಲಿ ಉಪಾಧಿಯದ್ದು. ಹೂವು ಸರಿಸಿದರೆ ಸ್ಫಟಿಕ ತನ್ನಷ್ಟಕ್ಕೆ ತಾನು ಶುಭ್ರ. ಗ್ರಾಹಕದ ವಿಚಾರದಲ್ಲಿ ನಾನು ಈ ದೃಷ್ಟಾಂತವನ್ನು ಹಿಡಿದು ಬಹಳ ದೂರ ಹೋಗಲು ನೋಡಿದ್ದೇನೆ. ಕೊಲೆಸ್ಟ್ರಾಲ್ ದಾಸವಾಳ, ಗ್ರಾಹಕ ಸ್ಫಟಿಕ. ಒಂದು ಹಂತದವರೆಗೆ ಹೊಂದುತ್ತದೆ, ಅಲ್ಲಿಂದಾಚೆಗೆ ಇಲ್ಲ. ಹೂವು ಸರಿಸಿದರೆ ಸ್ಫಟಿಕ ಉಳಿಯುತ್ತದೆ. ಆದರೆ ಪೊರೆಯನ್ನು ಪೂರ್ತಿ ಸರಿಸಿದರೆ ಗ್ರಾಹಕ ಉಳಿಯುವುದಿಲ್ಲ. ಪೊರೆಯಿಂದ ಹೊರತೆಗೆದ ಗ್ರಾಹಕವನ್ನು ಮಾರ್ಜಕದ ಅಣುಗಳಿಂದ ಸುತ್ತುವರಿದು ಜೋಪಾನ ಮಾಡದಿದ್ದರೆ ಅದು ಮುದುಡಿ, ಮುದ್ದೆಗಟ್ಟಿ ಕೆಡುತ್ತದೆ. ನೆರೆಹೊರೆಯೇ ಇಲ್ಲದ, ತಾನೊಂದೇ ಆದ ಗ್ರಾಹಕ ಎಂಬುದು ಎಲ್ಲೂ ಇಲ್ಲ. ಅದಕ್ಕೆ ಸ್ವಂತ ರಚನೆಯಿದೆ, ಆ ರಚನೆ ಪೂರ್ಣವಾಗುವುದು ಸುತ್ತಲಿನವರಿಂದ. ವೇದಾಂತ ಹೇಳುವುದು ಆತ್ಮದ ಮಾತು, ನನ್ನದು ಪ್ರೋಟೀನಿನ ಮಾತು. ಒಂದರಿಂದ ಇನ್ನೊಂದನ್ನು ಸುಳ್ಳು ಮಾಡಲು ನಾನು ಹೊರಟಿಲ್ಲ. ಜೀವದ ಈ ಮಜಲಿನಲ್ಲಿ ಮಾತ್ರ ಉಪಾಧಿಯನ್ನು ಕಳಚಿ ನೋಡುವ ದಾರಿ ಮುಚ್ಚಿದೆ, ಇಷ್ಟನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ.

ಕಥೆ ಇಲ್ಲಿಗೂ ನಿಲ್ಲುವುದಿಲ್ಲ. ಪೊರೆಯ ಕೊಬ್ಬು ಬರೀ ನೆರೆಯವನಲ್ಲ, ಎಷ್ಟೋ ಸಲ ಸುದ್ದಿಯನ್ನು ಒಯ್ಯುವವನೂ ಹೌದು. 1953ರಲ್ಲಿ ಮೇಬಲ್ ಹೋಕಿನ್ ಮತ್ತು ಲೋವೆಲ್ ಹೋಕಿನ್ ದಂಪತಿಗಳು ಮೇದೋಜೀರಕದ ಚೂರುಗಳ ಮೇಲೆ ಅಸಿಟೈಲ್‌ಕೋಲಿನ್ ಹಾಕಿದಾಗ ಪೊರೆಯ ಕೊಬ್ಬುಗಳಲ್ಲಿ ರಂಜಕದ ಓಡಾಟ ಹೆಚ್ಚಿದ್ದನ್ನು ಕಂಡರು. ಅದರ ಅರ್ಥ ಬಿಡಿಸಲು ಮುಂದೆ ದಶಕಗಳೇ ಹಿಡಿದವು. ಇಂದು ನಮಗೆ ಗೊತ್ತಿರುವಂತೆ ಇನ್ಸುಲಿನ್ ಕೋಶದೊಳಗೆ ಸಕ್ಕರೆಯನ್ನು ತಾನೇ ಹೊತ್ತೊಯ್ಯುವುದಿಲ್ಲ. ಅದು ಹೊರಗೆ ಗ್ರಾಹಕವನ್ನು ಹಿಡಿಯುತ್ತದೆ. ಒಳಗೆ ಒಂದು ಕಿಣ್ವ ಬಂದು, ಪೊರೆಯ ಒಳಸಾಲಿನಲ್ಲಿರುವ ಪಿಪ್2 ಎಂಬ ಕೊಬ್ಬಿನ ತಲೆಗೆ ಇನ್ನೊಂದು ಫಾಸ್ಫೇಟ್ ಸೇರಿಸಿ ಪಿಪ್3 ಮಾಡುತ್ತದೆ. ಆ ತಲೆಯನ್ನು ಗುರುತು ಹಿಡಿದು ಎಕೆಟಿ ಎಂಬ ಪ್ರೋಟೀನು ಪೊರೆಗೆ ಬಂದು ನಿಂತು ಎಚ್ಚರಗೊಳ್ಳುತ್ತದೆ. ಕೊನೆಗೆ ಕೋಶದೊಳಗೆ ಪುಟ್ಟ ಚೀಲಗಳಲ್ಲಿ ಕಾದಿದ್ದ ಗ್ಲೂಟ್4 ಎಂಬ ಸಕ್ಕರೆಯ ಬಾಗಿಲುಗಳು ಹೊರಪೊರೆಗೆ ಬಂದು ಸೇರುತ್ತವೆ. ಪಿಪ್2 ಪೊರೆಯ ಕೊಬ್ಬಿನಲ್ಲಿ ನೂರಕ್ಕೆ ಒಂದು ಪಾಲಿನ ಆಸುಪಾಸು. ಪಿಪ್3 ಅದಕ್ಕಿಂತಲೂ ಬಹಳ ಕಡಿಮೆ, ಹುಟ್ಟಿದ ಕೆಲವು ನಿಮಿಷಗಳಲ್ಲೇ ಅಳಿಸಿಹೋಗುವಂಥದ್ದು. ಊಟವಾದ ಮೇಲೆ ನಮ್ಮ ಸಕ್ಕರೆ ಇಳಿಯುವುದು ಈ ಕ್ಷಣಿಕ ಕೊಬ್ಬಿನ ಮೇಲೆ ನಿಂತಿದೆ.

ಇದರ ಮೇಲೆ ಒಳ್ಳೆಯ ಕೆಲಸ ನಮ್ಮ ರಾಜ್ಯದಲ್ಲೇ ನಡೆದಿದೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎನ್‌ಸಿಬಿಎಸ್‌ನಲ್ಲಿ ರಘು ಪಡಿಂಜಾಟ್ ಅವರ ತಂಡ ಹಣ್ಣಿನ ನೊಣಗಳಲ್ಲಿ ಈ ಕೊಬ್ಬುಗಳನ್ನು ಅಭ್ಯಾಸ ಮಾಡುತ್ತದೆ. 2019ರಲ್ಲಿ ಅವರು ಪ್ರಕಟಿಸಿದ ಸಂಶೋಧನೆಯಲ್ಲಿ ಪಿಪ್4ಕೆ ಎಂಬ ಪ್ರೋಟೀನು ಇಲ್ಲದ ನೊಣಗಳಲ್ಲಿ ಇನ್ಸುಲಿನ್ ಬಂದಾಗ ಪಿಪ್3 ಹೆಚ್ಚು ಹುಟ್ಟಿತು, ಹೆಚ್ಚು ಸಕ್ಕರೆಯ ಆಹಾರ ತಿನ್ನಿಸಿದರೂ ಅದರ ಕೆಟ್ಟ ಪರಿಣಾಮ ಅವಕ್ಕೆ ಅಷ್ಟಾಗಿ ತಟ್ಟಲಿಲ್ಲ. ಅದೇ ಸಂಸ್ಥೆಯಲ್ಲಿ ಸತ್ಯಜಿತ್ ಮೇಯರ್ ಪೊರೆಯಲ್ಲಿ ಅಣುಗಳು ಹೇಗೆ ಗುಂಪುಗೂಡುತ್ತವೆ ಎಂಬುದನ್ನು ಬೆಳಕಿನ ಸೂಕ್ಷ್ಮ ಅಳತೆಗಳಿಂದ ಹುಡುಕಿದವರು. ರಜತ್ ವರ್ಮಾ ಜೊತೆ 1998ರಲ್ಲಿ ಬರೆದ ಪ್ರಬಂಧದಿಂದ ಶುರುವಾದ ಈ ಕೆಲಸ, ಪೊರೆಯ ಹೊರಸಾಲಿನ ಕೆಲವು ಪ್ರೋಟೀನುಗಳು ಎರಡು–ನಾಲ್ಕರ ಪುಟ್ಟ ಗುಂಪುಗಳಲ್ಲಿ ಇರುತ್ತವೆಂದು ತೋರಿಸಿತು. ಅವು ಫೋಲೇಟಿನಂಥವನ್ನು ಹಿಡಿಯುವ ಗ್ರಾಹಕಗಳು, ಹಾರ್ಮೋನಿನವಲ್ಲ. ಆದರೂ ಮೂಲದ ಪ್ರಶ್ನೆ ಅದೇ. 2015ರಲ್ಲಿ ಅವರ ಬಳಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೊರಸಾಲಿನ ಗುಂಪು ಕಟ್ಟಿಕೊಳ್ಳುವುದಕ್ಕೆ ಒಳಸಾಲಿನ ಫಾಸ್ಫಟಿಡೈಲ್‌ಸೆರಿನ್ ಎಂಬ ಕೊಬ್ಬಿನ ಉದ್ದ ಬಾಲಗಳು ಬೇಕೆಂದು, ನಡುವೆ ಕೊಲೆಸ್ಟ್ರಾಲೂ ಇರಬೇಕೆಂದು ತೋರಿಸಿತು. ಹೊರಗಿನ ಜೊತೆಗಾರಿಕೆಗೆ ಒಳಗಿನ ಆಧಾರ ಬೇಕು. ಎರಡು ಸಾಲುಗಳು ಬಾಲದ ತುದಿಯಲ್ಲಿ ಒಂದನ್ನೊಂದು ಬಲ್ಲವು.

ಕೊಬ್ಬು ಯಾವಾಗಲೂ ಕೇಳಿಸಿಕೊಳ್ಳಲು ನೆರವಾಗುತ್ತದೆ ಎಂದಲ್ಲ. ಜಿಎಂ3 ಎಂಬ ಸಕ್ಕರೆ ಹೊತ್ತ ಕೊಬ್ಬು ಪೊರೆಯಲ್ಲಿ ಹೆಚ್ಚಾದಾಗ ಇನ್ಸುಲಿನ್ ಗ್ರಾಹಕ ತನ್ನ ಜಾಗದಿಂದ ಸರಿದು ಮಂದವಾಗುತ್ತದೆಂದು ಜಪಾನಿನ ವಿಜ್ಞಾನಿಗಳು ಕಂಡರು; ಜಿಎಂ3 ತಯಾರಿಸಲಾರದ ಇಲಿಗಳಲ್ಲಿ ಇನ್ಸುಲಿನ್ನಿನ ಪರಿಣಾಮ ಹೆಚ್ಚಿದ್ದು 2003ರಲ್ಲಿ ವರದಿಯಾಯಿತು. ಕಾಕಾ ಕೇಳಿದ “ಯಾಕ ಕಡಿಮಿ ಆತು” ಎಂಬುದಕ್ಕೆ ಉತ್ತರದ ಒಂದು ತುಣುಕು ಇಲ್ಲಿದೆ.

ಇಷ್ಟು ಕೇಳಿದವರ ಮುಂದಿನ ಪ್ರಶ್ನೆ ನನಗೆ ಗೊತ್ತು: ಹಾಗಾದರೆ ಏನು ತಿನ್ನಬೇಕು? ಈ ಸೀಮೆಯ ಊಟ ಒಂದು ಕಾಲಕ್ಕೆ ಜೋಳದ ರೊಟ್ಟಿ, ಕಾಳುಪಲ್ಯ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಗಾಣದ ಕುಸುಬಿ ಎಣ್ಣೆ. ಅಣ್ಣಿಗೇರಿಯ ಕೃಷಿ ಸಂಶೋಧನಾ ಕೇಂದ್ರ ಕೊಟ್ಟ ಎ-1 ಕುಸುಬಿ ತಳಿ ನಮ್ಮ ಎರೆ ಹೊಲಗಳಲ್ಲಿ ಹೆಸರು ಮಾಡಿತ್ತು. ಅಗಸಿಯ ಎಣ್ಣೆಯಲ್ಲಿ ಅರ್ಧದಷ್ಟು ಮೂರು ಬಾಗುಗಳ ಒಮೆಗಾ-3 ಆಮ್ಲ. ಇಂದು ಕುಸುಬಿ ಹೊಲ ಕಿರಿದಾಗಿದೆ, ಬಜಾರಿನ ಮಿರ್ಚಿ–ಭಜಿ ಕರಿಯುವುದು ಹೆಚ್ಚಾಗಿ ಪಾಮ್ ಎಣ್ಣೆಯಲ್ಲಿ. ಅದರಲ್ಲಿ ಅರ್ಧದಷ್ಟು ನೇರ ಬಾಲದ ಪರ್ಯಾಪ್ತ ಕೊಬ್ಬು. 1993ರಲ್ಲಿ ಸಿಡ್ನಿಯ ಸಂಶೋಧಕರು ಸ್ನಾಯುವಿನ ಪೊರೆಯಲ್ಲಿ ಹೆಚ್ಚು ಬಾಗುಗಳ ಉದ್ದ ಬಾಲಗಳಿದ್ದವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವುದನ್ನು ಕಂಡರು. 2001ರಲ್ಲಿ ಪ್ರಕಟವಾದ ಕಾನ್ವು ಅಧ್ಯಯನದಲ್ಲಿ 162 ಆರೋಗ್ಯವಂತರಿಗೆ ಮೂರು ತಿಂಗಳು ಎರಡು ಬಗೆಯ ಊಟ ಕೊಟ್ಟರು. ಪರ್ಯಾಪ್ತ ಕೊಬ್ಬು ಹೆಚ್ಚು ತಿಂದವರಲ್ಲಿ ಇನ್ಸುಲಿನ್ನಿಗೆ ಸ್ಪಂದಿಸುವುದು ನೂರಕ್ಕೆ ಹತ್ತರಷ್ಟು ಕುಸಿಯಿತು, ಒಂದೇ ಬಾಗಿನ ಕೊಬ್ಬು ತಿಂದವರಲ್ಲಿ ಕುಸಿಯಲಿಲ್ಲ. ಆದರೆ ಒಟ್ಟಾರೆ ಕೊಬ್ಬನ್ನೇ ಬಹಳ ತಿನ್ನುವವರಿಗೆ ಬಗೆ ಬದಲಿಸಿದ್ದರಿಂದ ಲಾಭ ಕಾಣಲಿಲ್ಲ.

ಇದರಿಂದ “ಕುಸುಬಿ ಎಣ್ಣೆ ಕುಡಿದರೆ ಶುಗರ್ ಹೋಗುತ್ತದೆ” ಎಂಬ ತೀರ್ಮಾನಕ್ಕೆ ಯಾರೂ ಹಾರಬಾರದು. ತಟ್ಟೆಯಲ್ಲಿ ಬಿದ್ದದ್ದು ಹಾಗೇ ಹೋಗಿ ಪೊರೆಯಲ್ಲಿ ಕೂರುವುದಿಲ್ಲ. ನಡುವೆ ಯಕೃತ್ತಿದೆ, ಬಾಲಗಳನ್ನು ಉದ್ದ ಮಾಡುವ, ಬಾಗಿಸುವ ಕಿಣ್ವಗಳಿವೆ. ಕೋಶಗಳು ತಮಗೆ ಬೇಕಾದ ಕೊಲೆಸ್ಟ್ರಾಲನ್ನು ತಾವೇ ತಯಾರಿಸಿಕೊಳ್ಳಬಲ್ಲವು. ರಕ್ತದಲ್ಲಿ ಹೆಚ್ಚಾದ ಕೊಲೆಸ್ಟ್ರಾಲ್ ರಕ್ತನಾಳಕ್ಕೆ ಕೇಡೇ, ಪೊರೆಗೆ ಅದು ಬೇಕೆಂಬ ಮಾತು ಆ ಕೇಡನ್ನು ಕಡಿಮೆ ಮಾಡುವುದಿಲ್ಲ. ಕಾಕಾ ಅವರಿಗೆ ನಾನು ಹೇಳಿದ್ದೂ ಇದನ್ನೇ. ಸೂಜಿ, ಗುಳಿಗೆ ಡಾಕ್ಟರು ಹೇಳಿದಂತೆ ಇರಲಿ, ಕರಿದದ್ದು ಕಡಿಮೆಯಾಗಲಿ, ರೊಟ್ಟಿಯ ಜೊತೆ ಅಗಸಿ ಹಿಂಡಿ ಮರಳಿ ಬರಲಿ, ಊಟವಾದ ಮೇಲೆ ನಡೆಯಿರಿ. ದುಡಿಯುವ ಸ್ನಾಯು ಇನ್ಸುಲಿನ್ ಕರೆಯದಿದ್ದರೂ ಗ್ಲೂಟ್4 ಬಾಗಿಲುಗಳನ್ನು ಪೊರೆಗೆ ತಂದುಕೊಳ್ಳುತ್ತದೆ.

ಹುಬ್ಬಳ್ಳಿ–ಧಾರವಾಡದ ಪಿಯು ಕಾಲೇಜುಗಳಲ್ಲಿ ಜೀವಶಾಸ್ತ್ರ ಕಲಿಸುವ ಗೆಳೆಯರಲ್ಲಿ ನನ್ನದೊಂದು ವಿನಂತಿ. ಹಾರ್ಮೋನಿನ ಪಾಠ ಮಾಡುವಾಗ ಬೋರ್ಡಿನ ಮೇಲೆ ಗ್ರಾಹಕ ಬರೆದು, ಪೊರೆಗೆ ಎರಡು ಗೆರೆ ಎಳೆದು ಮುಂದೆ ಹೋಗಬೇಡಿ. ಐದೇ ನಿಮಿಷ ಅಲ್ಲಿ ನಿಲ್ಲಿ. ಗ್ರಾಹಕದ ಪಕ್ಕ ನೇರ ಬಾಲ, ಬಾಗಿದ ಬಾಲ ಬೇರೆ ಬೇರೆ ತೋರಿಸಿ, ನಡುವೆ ಕೊಲೆಸ್ಟ್ರಾಲ್ ಬರೆಯಿರಿ, ಒಳಸಾಲಿನಲ್ಲಿ ಒಂದು ಪಿಪ್3ಗೆ ಬೇರೆ ಬಣ್ಣದ ಸೀಮೆಸುಣ್ಣ ಹಿಡಿಯಿರಿ. ಇದರ ಮೇಲೆ ಬೆಂಗಳೂರಿನಲ್ಲೇ ಕೆಲಸ ನಡೆಯುತ್ತಿದೆ, ನೀವೂ ಅಲ್ಲಿಗೆ ಹೋಗಬಹುದು ಎಂದು ಮಕ್ಕಳಿಗೆ ಹೇಳಿ.